ಕಂಪ್ಯೂಟರ್ ಬಳಸಿ ರೇಖಾಗಣಿತದ ಪ್ರಮೇಯ ಸಾಧಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರೇಖಾಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ ತಂತ್ರಾಂಶದಲ್ಲಿ ಬಿಂದುಗಳನ್ನು ಎಳೆದಾಡಿಸಿ ನೋಡಿದರೆ ಸಾಲದೇ? ಸಾಧನೆ ಬೇರೆ ಯಾಕೆ?

ಎಳೆದು ನೋಡುವುದರಿಂದ ಊಹೆ ಗಟ್ಟಿಯಾಗುತ್ತದೆ, ಸಾಧನೆ ಆಗುವುದಿಲ್ಲ. ಪರದೆಯ ಹಿಂದಿರುವ ಲೆಕ್ಕ ಸುಮಾರು 15 ಅಂಕಿಗಳಷ್ಟೇ ನಿಖರ. ಪರದೆ ತೋರಿಸುವುದಂತೂ ಸಾಮಾನ್ಯವಾಗಿ ಎರಡೇ ದಶಾಂಶ ಸ್ಥಾನ, ಹಾಗಾಗಿ 89.998° ಇರುವ ಕೋನವೂ 90° ಎಂದೇ ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೀವು ಎಳೆದದ್ದು ಕೆಲವೇ ಸ್ಥಾನಗಳಿಗೆ. ಮೂರು ಬಿಂದುಗಳು ಒಂದೇ ಗೆರೆಗೆ ಬಂದಾಗ, ಎರಡು ವೃತ್ತಗಳು ಬರೀ ಸ್ಪರ್ಶಿಸಿದಾಗ ಏನಾಗುತ್ತದೆ ಎಂದು ಕೈ ತಾನಾಗಿ ಪರೀಕ್ಷಿಸುವುದಿಲ್ಲ. ಪ್ರಮೇಯ ಮುರಿಯುವುದು ಅಂಥ ಕಡೆಗಳಲ್ಲೇ.

ಆದರೂ ಒಂದು ಮಾತು: ಉದಾಹರಣೆಗಳನ್ನು ಪರೀಕ್ಷಿಸಿಯೇ ಪಕ್ಕಾ ಸಾಧನೆ ಪಡೆಯುವ ದಾರಿಯೂ ಇದೆ. ಒಂದು ಚರಾಕ್ಷರದ, ಘಾತ 4 ಮೀರದ ಬಹುಪದೋಕ್ತಿ ಐದು ಬೇರೆ ಬೇರೆ ಬೆಲೆಗಳಲ್ಲಿ ಸೊನ್ನೆಯಾದರೆ ಅದು ಎಲ್ಲೆಡೆಯೂ ಸೊನ್ನೆಯೇ. ಮೂರು ಚರಾಕ್ಷರಗಳಿದ್ದು ಪ್ರತಿಯೊಂದರ ಘಾತವೂ 4 ಮೀರದಿದ್ದರೆ 5×5×5, ಅಂದರೆ 125 ಪರೀಕ್ಷೆ ಸಾಕು. ಷರತ್ತು ಎರಡೇ. ಲೆಕ್ಕ ದಶಾಂಶದಲ್ಲಿರಬಾರದು, ಪೂರ್ಣಾಂಕ ಅಥವಾ ಭಿನ್ನರಾಶಿಯಲ್ಲಿರಬೇಕು. ಘಾತದ ಮಿತಿಯೂ ಮೊದಲೇ ಗೊತ್ತಿರಬೇಕು.

ಕಂಪ್ಯೂಟರ್ ನಿಜವಾಗಿ ಮಾಡುವುದೇನು?

ಶಾಲೆಯಲ್ಲಿ ಪ್ರಮೇಯ ಬರೆಯುವ ಕ್ರಮವನ್ನೇ ನೆನಪಿಸಿಕೊಳ್ಳಿ: ದತ್ತ, ಸಾಧನೀಯ, ರಚನೆ, ಸಾಧನೆ. ದತ್ತವನ್ನೂ ಸಾಧನೀಯವನ್ನೂ ನಾವು ಕೊಡುತ್ತೇವೆ, ಉಳಿದೆರಡು ಯಂತ್ರದ ಪಾಲು. ಅದಕ್ಕೆ ಎರಡು ದಾರಿಗಳಿವೆ.

ಒಂದು, ಬೀಜಗಣಿತದ ದಾರಿ. ಪ್ರತಿ ಬಿಂದುವಿಗೂ ನಿರ್ದೇಶಾಂಕ ಕೊಟ್ಟು, ದತ್ತಾಂಶಗಳನ್ನೆಲ್ಲ ಸಮೀಕರಣ ಮಾಡಿ, ಸಾಧನೀಯದ ಸಮೀಕರಣ ಅವುಗಳಿಂದ ಹೊರಡುತ್ತದೆಯೇ ಎಂದು ನೋಡುವುದು. ಇಲ್ಲಿ ರಚನೆಯ ಗೋಜೇ ಇಲ್ಲ, ಅದೇ ಈ ದಾರಿಯ ಬಲ. ಇನ್ನೊಂದು, ತರ್ಕದ ದಾರಿ. ‘ಒಂದೇ ಕಂಸದ ಮೇಲಿನ ಕೋನಗಳು ಸಮ’ ಎಂಬಂಥ ನಿಯಮಗಳನ್ನು ಮತ್ತೆ ಮತ್ತೆ ಅನ್ವಯಿಸುತ್ತಾ ಹೋಗುವುದು. ಇದರ ಸಾಧನೆಯನ್ನು ಓದಬಹುದು, ಆದರೆ ಒಂದು ಹೊಸ ಗೆರೆ ಎಳೆಯಬೇಕಾಗಿ ಬಂದಾಗ ಯಂತ್ರ ನಿಂತುಬಿಡುತ್ತದೆ.

ತರ್ಕದ ದಾರಿಯೇ ಹಳೆಯದು. 1959ರಲ್ಲಿ ಹರ್ಬರ್ಟ್ ಗೆಲರ್ನ್‌ಟರ್ ಐಬಿಎಂ 704 ಯಂತ್ರಕ್ಕೆ ಬರೆದ ಪ್ರೋಗ್ರಾಂ ಸಾಧನೀಯದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಿತ್ತು. ಚಿತ್ರದಲ್ಲಿ ಸುಳ್ಳೆಂದು ಕಂಡ ಉಪಗುರಿಗಳನ್ನು ಅಲ್ಲೇ ಕೈಬಿಡುತ್ತಿತ್ತು. ಚಿತ್ರವನ್ನು ಸಾಧನೆಗೆ ಆಧಾರವಾಗಿ ಬಳಸದೆ, ವ್ಯರ್ಥ ಹುಡುಕಾಟ ತಪ್ಪಿಸಲು ಮಾತ್ರ ಬಳಸುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಬೀಜಗಣಿತದ ದಾರಿಯನ್ನು ಒಂದು ಉದಾಹರಣೆಯಲ್ಲಿ ಪೂರ್ತಿ ತೋರಿಸಬಹುದೇ?

ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂಬ ಪ್ರಮೇಯವನ್ನೇ ತೆಗೆದುಕೊಳ್ಳೋಣ. ಚತುರ್ಭುಜ ಅಬಕಡ, ಕರ್ಣಗಳು ಸೇರುವ ಬಿಂದು ಮ.

ಅ = (0, 0), ಬ = (ಪ, 0), ಡ = (ತ, ನ) ಎಂದಿರಲಿ. ಪ, ತ, ನ ಸ್ವತಂತ್ರ ಅಕ್ಷರಗಳು, ಅವುಗಳಿಗೆ ಯಾವ ಬೆಲೆಯೂ ಇರಬಹುದು. ಕ = (ಯ1, ಯ2), ಮ = (ಯ3, ಯ4). ಈ ನಾಲ್ಕರ ಬೆಲೆ ದತ್ತಾಂಶಗಳಿಂದ ನಿರ್ಧಾರವಾಗುತ್ತದೆ.

ದ1: ಯ2 − ನ = 0 (ಡಕ, ಅಬಗೆ ಸಮಾಂತರ)
ದ2: ನ(ಯ1 − ಪ) − ತ·ಯ2 = 0 (ಬಕ, ಅಡಗೆ ಸಮಾಂತರ)
ದ3: ಯ1·ಯ4 − ಯ2·ಯ3 = 0 (ಮ, ಅಕ ಮೇಲಿದೆ)
ದ4: (ತ − ಪ)ಯ4 − ನ(ಯ3 − ಪ) = 0 (ಮ, ಬಡ ಮೇಲಿದೆ)
ಸಾಧನೀಯ: 2ಯ3 − ಯ1 = 0

ಕಂಪ್ಯೂಟರ್ ಇವುಗಳಿಂದ ಯ4, ಯ3, ಯ2, ಯ1 ಅನ್ನು ಒಂದೊಂದಾಗಿ ತೊಡೆದುಹಾಕಿ ಕೊನೆಗೆ ಈ ಸಾಲನ್ನು ಕೊಡುತ್ತದೆ:

ಪ·ನ·(2ಯ3 − ಯ1) = (ತ − ಪ)·ದ3 − ಯ1·ದ4 − ಪ·ಯ3·ದ1 − ಯ3·ದ2

ಇಲ್ಲಿ ದ1, ದ2 ಅಂದರೆ ಆಯಾ ಸಮೀಕರಣದ ಎಡಭಾಗ. ಬಲಗಡೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿ. ಯ2·ಯ3, ಯ1·ಯ3, ಯ1·ಯ4 ಇರುವ ಪದಗಳೆಲ್ಲ ಹೊಡೆದುಹೋಗಿ 2·ಪ·ನ·ಯ3 − ಪ·ನ·ಯ1 ಉಳಿಯುತ್ತದೆ. ದತ್ತಾಂಶಗಳು ಸೊನ್ನೆಯಾದಾಗ ಬಲಗಡೆ ಸೊನ್ನೆ. ಆದ್ದರಿಂದ ಪ·ನ ಸೊನ್ನೆಯಲ್ಲದಿದ್ದರೆ 2ಯ3 = ಯ1. ಹೀಗೆಯೇ 2ಯ4 = ಯ2 ಎಂದೂ ತೋರಿಸಿದರೆ ಮ ಬಿಂದು ಅಕ ಕರ್ಣದ ನಡುವೆ ಇದೆ ಎಂದಾಗುತ್ತದೆ. ಬಡ ಕರ್ಣಕ್ಕೂ ಇದೇ ರೀತಿ ಮಾಡಬೇಕು.

ಇಂಥ ಒಂದೊಂದು ಸಾಲೇ ಸಾಧನೆ. ಅದನ್ನು ಕಂಡುಹಿಡಿಯಲು ಯಂತ್ರ ಎಷ್ಟು ಹೊತ್ತು ಒದ್ದಾಡಿತು, ಅದರ ಪ್ರೋಗ್ರಾಂನಲ್ಲಿ ದೋಷವಿತ್ತೇ ಎಂಬುದು ನಮಗೆ ಬೇಕಿಲ್ಲ. ಸಾಲನ್ನು ಯಾರು ಬೇಕಾದರೂ ಗುಣಾಕಾರ ಮಾಡಿ ಪರಿಶೀಲಿಸಬಹುದು.

ಆ ಪ·ನ ಎಲ್ಲಿಂದ ಬಂತು? ಪಠ್ಯಪುಸ್ತಕದಲ್ಲಿ ಅದು ಇಲ್ಲವಲ್ಲ?

ಪ = 0 ಆದರೆ ಅ ಮತ್ತು ಬ ಒಂದೇ ಬಿಂದು. ನ = 0 ಆದರೆ ಅ, ಬ, ಡ ಒಂದೇ ಗೆರೆಯ ಮೇಲೆ. ಆಗ ಚತುರ್ಭುಜ ಚಪ್ಪಟೆಯಾಗಿ ಎರಡೂ ಕರ್ಣಗಳು ಒಂದರ ಮೇಲೊಂದು ಮಲಗುತ್ತವೆ, ಅವುಗಳ ‘ಸಂಧಿಸುವ ಬಿಂದು’ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಪಠ್ಯಪುಸ್ತಕ ‘ಚತುರ್ಭುಜ’ ಎಂದಾಗ ಈ ಷರತ್ತನ್ನು ನಾವು ಮನಸ್ಸಿನಲ್ಲೇ ಸೇರಿಸಿಕೊಂಡಿರುತ್ತೇವೆ. ಯಂತ್ರ ಅದನ್ನು ಹೆಕ್ಕಿ ಎದುರಿಗಿಡುತ್ತದೆ. ಇವುಗಳಿಗೆ ಕ್ಷೀಣ ಸ್ಥಿತಿಗಳು ಎನ್ನೋಣ.

ನಮ್ಮ ಅಭಿಪ್ರಾಯದಲ್ಲಿ ಈ ಕ್ಷೇತ್ರದಿಂದ ಸಿಗುವ ಅತಿ ಬೆಲೆಬಾಳುವ ವಸ್ತು ಇದೇ. ‘ಪ್ರಮೇಯ ನಿಜ’ ಎಂಬ ಉತ್ತರ ಬಹುಪಾಲು ನಮಗೆ ಮೊದಲೇ ಗೊತ್ತು. ‘ಯಾವಾಗ ನಿಜ’ ಎಂಬುದರ ಪೂರ್ತಿ ಪಟ್ಟಿಯನ್ನು ಪುಸ್ತಕಗಳು ವಿರಳವಾಗಿ ಕೊಡುತ್ತವೆ.

ವು ವಿಧಾನ, ಗ್ರೋಬ್ನರ್ ಆಧಾರ ಎಂಬ ಹೆಸರುಗಳು ಕೇಳಿಬರುತ್ತವೆ. ವ್ಯತ್ಯಾಸವೇನು?

ಎರಡೂ ಮೇಲಿನ ತೊಡೆದುಹಾಕುವ ಕೆಲಸವನ್ನು ಕ್ರಮಬದ್ಧವಾಗಿ ಮಾಡುವ ವಿಧಾನಗಳೇ.

ಚೀನಾದ ಗಣಿತಜ್ಞ ವು ವೆನ್‌ಜುನ್ 1977ರ ಹೊತ್ತಿಗೆ ರೂಪಿಸಿದ ವಿಧಾನದಲ್ಲಿ ದತ್ತಾಂಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾರೆ, ಒಂದೊಂದು ಮೆಟ್ಟಿಲಿಗೂ ಒಂದೊಂದೇ ಹೊಸ ಚರಾಕ್ಷರ. ಆಮೇಲೆ ಸಾಧನೀಯವನ್ನು ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಒಂದೊಂದರಿಂದಲೂ ಭಾಗಿಸುತ್ತಾ ಬರುತ್ತಾರೆ. ಕೊನೆಯ ಶೇಷ ಸೊನ್ನೆಯಾದರೆ ಪ್ರಮೇಯ ನಿಜ. ಭಾಗಿಸುವಾಗ ಗುಣಿಸಿಕೊಂಡ ಅಂಶಗಳೇ ಕ್ಷೀಣ ಸ್ಥಿತಿಯ ಷರತ್ತುಗಳಾಗುತ್ತವೆ. ವು ಮೊದಲು ಇದನ್ನು ಕೈಲೆಕ್ಕದಲ್ಲೇ ಪರೀಕ್ಷಿಸಿದ್ದರು. ಆಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ಶಾಂಗ್-ಚಿಂಗ್ ಚೌ ಇದನ್ನು ಕಂಪ್ಯೂಟರ್‌ಗೆ ಅಳವಡಿಸಿ, 1988ರಲ್ಲಿ 512 ಪ್ರಮೇಯಗಳ ಸಂಗ್ರಹವನ್ನೇ ಪ್ರಕಟಿಸಿದರು.

ಗ್ರೋಬ್ನರ್ ಆಧಾರ ಬ್ರೂನೋ ಬುಕ್‌ಬರ್ಗರ್ 1965ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೊಟ್ಟದ್ದು, ಹೆಸರು ಮಾತ್ರ ಅವರ ಗುರುವಿನದು. 1980ರ ದಶಕದ ನಡುವೆ ದೀಪಕ್ ಕಪೂರ್ ಮೊದಲಾದವರು ಇದನ್ನು ರೇಖಾಗಣಿತಕ್ಕೆ ಹೊಂದಿಸಿದರು. ಕ್ರಮ ಹೀಗೆ: ದತ್ತಾಂಶಗಳ ಜೊತೆಗೆ ‘1 − ಟ·(ಸಾಧನೀಯ) = 0’ ಎಂಬ ಸಮೀಕರಣ ಸೇರಿಸಿ, ಕ್ಷೀಣ ಸ್ಥಿತಿ ಬೇಡವೆನ್ನಲು ‘1 − ಸ·ಪ·ನ = 0’ ಎಂಬುದನ್ನೂ ಸೇರಿಸಿ (ಟ, ಸ ಹೊಸ ಚರಾಕ್ಷರಗಳು). ಮೊದಲನೆಯದರ ಅರ್ಥ ‘ಸಾಧನೀಯ ಸೊನ್ನೆಯಲ್ಲ’ ಎಂದು. ಇಡೀ ಗುಂಪಿನಿಂದ 1 = 0 ಹೊರಬಿದ್ದರೆ ವಿರೋಧಾಭಾಸ, ಪ್ರಮೇಯ ಸಾಧಿತ.

ಬಳಕೆಯಲ್ಲಿ ವು ವಿಧಾನ ರೇಖಾಗಣಿತಕ್ಕೆ ಸಾಮಾನ್ಯವಾಗಿ ವೇಗವಾದದ್ದು. ಗ್ರೋಬ್ನರ್ ಸಿದ್ಧ ತಂತ್ರಾಂಶಗಳಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಚರಾಕ್ಷರ ಹೆಚ್ಚಿದಂತೆ ಮೆಮೊರಿ ನುಂಗುತ್ತದೆ.

ಲೆಕ್ಕ ಮುಗಿಯುವುದೇ ಇಲ್ಲ, ಕಂಪ್ಯೂಟರ್ ಸಿಕ್ಕಿಹಾಕಿಕೊಳ್ಳುತ್ತದೆ. ಏನು ಮಾಡಬೇಕು?

ಹೆಚ್ಚಿನ ಸಲ ದೋಷ ನಿರ್ದೇಶಾಂಕದ ಆಯ್ಕೆಯಲ್ಲಿರುತ್ತದೆ. ಒಂದು ಬಿಂದುವನ್ನು ಮೂಲಬಿಂದುವಿನಲ್ಲಿ, ಇನ್ನೊಂದನ್ನು ಅಡ್ಡ ಅಕ್ಷದ ಮೇಲೆ ಇಡಿ. ಅಲ್ಲಿಗೆ ಮೂರು ಚರಾಕ್ಷರ ಕಡಿಮೆಯಾಯಿತು. ಅಳತೆ ಮುಖ್ಯವಲ್ಲದ ಪ್ರಮೇಯವಾದರೆ ಆ ಎರಡನೆಯದನ್ನು (1, 0) ಎಂದೇ ಇಡಬಹುದು. ವೃತ್ತವೇ ಪ್ರಧಾನವಾದರೆ ಕೇಂದ್ರವನ್ನು ಮೂಲಬಿಂದುವಿಗೆ ತನ್ನಿ.

ಉದ್ದವನ್ನು ಎಂದಿಗೂ ವರ್ಗಮೂಲವಾಗಿ ಬರೆಯಬೇಡಿ, ಉದ್ದದ ವರ್ಗಗಳನ್ನೇ ಹೋಲಿಸಿ. ಲಂಬಕ್ಕೆ ಇಳಿಜಾರಿನ ಭಾಗಾಕಾರ ಬೇಡ, ಎರಡು ಗೆರೆಗಳ ಅಡ್ಡ ವ್ಯತ್ಯಾಸಗಳ ಗುಣಲಬ್ಧಕ್ಕೆ ಮೇಲೆ-ಕೆಳಗಿನ ವ್ಯತ್ಯಾಸಗಳ ಗುಣಲಬ್ಧ ಕೂಡಿಸಿದರೆ ಸೊನ್ನೆ ಎಂದು ಬರೆಯಿರಿ. ನೆಟ್ಟಗೆ ನಿಂತ ಗೆರೆ ಬಂದಾಗ ಸೊನ್ನೆಯಿಂದ ಭಾಗಿಸುವ ಅಪಾಯವೂ ಹೀಗೆ ತಪ್ಪುತ್ತದೆ. ಮತ್ತು ಬಿಂದುಗಳನ್ನು ರಚಿಸಿದ ಕ್ರಮದಲ್ಲೇ ಚರಾಕ್ಷರಗಳಿಗೆ ಕ್ರಮ ಕೊಡಿ. ತಿರುವುಮುರುವು ಮಾಡಿದರೆ ಅದೇ ಪ್ರಮೇಯಕ್ಕೆ ಸಾವಿರಾರು ಪದಗಳ ಬಹುಪದೋಕ್ತಿ ಹುಟ್ಟಬಹುದು.

ಬಹುಪದೋಕ್ತಿ ಬೇಡ, ಮನುಷ್ಯರು ಓದುವಂಥ ಸಾಧನೆ ಸಿಗುವುದಿಲ್ಲವೇ?

ಸಿಗುತ್ತದೆ. 1990ರ ದಶಕದಲ್ಲಿ ಚೌ, ಗಾವೊ, ಜಾಂಗ್ ಬೆಳೆಸಿದ ವಿಸ್ತೀರ್ಣ ವಿಧಾನ ನೋಡಿ. ನಿರ್ದೇಶಾಂಕದ ಬದಲು ತ್ರಿಭುಜಗಳ ವಿಸ್ತೀರ್ಣ ಬಳಸಿ, ಕೊನೆಗೆ ರಚಿಸಿದ ಬಿಂದುವಿನಿಂದ ಶುರುಮಾಡಿ ಒಂದೊಂದೇ ಬಿಂದುವನ್ನು ತೆಗೆದುಹಾಕುತ್ತಾರೆ. ಸೀವಾ ಪ್ರಮೇಯ ಇದರಲ್ಲಿ ಮೂರು ಸಾಲು. ಅಬಕ ತ್ರಿಭುಜದೊಳಗೆ ಮ ಬಿಂದು. ಅಮ, ಬಮ, ಕಮ ಗೆರೆಗಳು ಎದುರು ಬಾಹುಗಳನ್ನು ಕ್ರಮವಾಗಿ ಡ, ಇ, ಫಗಳಲ್ಲಿ ಸೇರಲಿ. ವಿ(ಅಬಮ) ಅಂದರೆ ಅಬಮ ತ್ರಿಭುಜದ ವಿಸ್ತೀರ್ಣ.

ಬಡ/ಡಕ = ವಿ(ಅಬಮ)/ವಿ(ಕಅಮ)
ಕಇ/ಇಅ = ವಿ(ಬಕಮ)/ವಿ(ಅಬಮ)
ಅಫ/ಫಬ = ವಿ(ಕಅಮ)/ವಿ(ಬಕಮ)

ಮೂರನ್ನೂ ಗುಣಿಸಿದರೆ ಮೇಲೆ ಕೆಳಗೆ ಎಲ್ಲ ಹೊಡೆದುಹೋಗಿ 1, ಸೀವಾ ಪ್ರಮೇಯ ಹೇಳುವುದೂ ಇದನ್ನೇ. ಒಂಬತ್ತನೆ, ಹತ್ತನೆ ತರಗತಿಯ ಮಕ್ಕಳಿಗೂ ಅರ್ಥವಾಗುವ ಈ ಸಾಧನೆಯನ್ನು ಯಂತ್ರ ತಾನೇ ಬರೆಯುತ್ತದೆ. ಕೋನಗಳ ಪ್ರಮೇಯಗಳಿಗೆ ‘ಪೂರ್ಣ ಕೋನ’ ಎಂಬ ಕಲ್ಪನೆ ಬಳಸುತ್ತಾರೆ: ಕಿರಣಗಳ ನಡುವಿನ ಕೋನದ ಬದಲು ಗೆರೆಗಳ ನಡುವಿನ ಕೋನ, 180° ಕೂಡಿದರೂ ಕಳೆದರೂ ಅದೇ ಕೋನ ಎಂಬ ಲೆಕ್ಕ. ಬಿಂದು ಜ್ಯಾದ ಈ ಬದಿಗಿದ್ದರೆ ಒಂದು ಸಾಧನೆ, ಆ ಬದಿಗಿದ್ದರೆ ಇನ್ನೊಂದು ಎಂಬ ಕಾಟ ಇದರಿಂದ ತಪ್ಪುತ್ತದೆ. ಈ ವಿಧಾನಗಳನ್ನು ಕಣ್ಣಾರೆ ನೋಡಲು ಅದೇ ತಂಡದ ಜಾವಾ ಜಿಯೋಮೆಟ್ರಿ ಎಕ್ಸ್‌ಪರ್ಟ್ ತಂತ್ರಾಂಶ ಒಳ್ಳೆಯದು.

ಜಿಯೋಜೀಬ್ರಾದಲ್ಲಿ ಸಾಧನೆ ಪರೀಕ್ಷಿಸುವುದು ಹೇಗೆ?

ಬ್ರಹ್ಮಗುಪ್ತನ ಪ್ರಮೇಯದಿಂದ ಶುರುಮಾಡಿ. ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದ ಕರ್ತೃವಿನ ಹೆಸರು ಹೊತ್ತ ಪ್ರಮೇಯ ಅದು: ಚಕ್ರೀಯ ಚತುರ್ಭುಜದ ಕರ್ಣಗಳು ಲಂಬವಾಗಿದ್ದರೆ, ಅವು ಸೇರುವಲ್ಲಿಂದ ಒಂದು ಬಾಹುವಿಗೆ ಎಳೆದ ಲಂಬ ಎದುರು ಬಾಹುವನ್ನು ಅರ್ಧಿಸುತ್ತದೆ.

ಒ ಕೇಂದ್ರವಾಗಿ, ಅ ಮೂಲಕ ವೃತ್ತ ಎಳೆಯಿರಿ. ‘ಪಾಯಿಂಟ್ ಆನ್ ಆಬ್ಜೆಕ್ಟ್’ನಿಂದ ವೃತ್ತದ ಮೇಲೆ ಬ, ಕ ಇಡಿ. ಅಕ ಗೆರೆ ಎಳೆದು, ಬ ಮೂಲಕ ಅದಕ್ಕೆ ಲಂಬ ಹಾಕಿ. ಈ ಲಂಬ ವೃತ್ತವನ್ನು ಮತ್ತೆ ಸೇರುವ ಬಿಂದುವೇ ಡ. ಇಲ್ಲಿ ‘ಇಂಟರ್‌ಸೆಕ್ಟ್’ ಒತ್ತಬೇಡಿ. ಗೆರೆಯೂ ವೃತ್ತವೂ ಎರಡು ಕಡೆ ಸೇರುತ್ತವೆ. ಅವುಗಳಲ್ಲಿ ಒಂದು ಬ ತಾನೇ. ಸಮೀಕರಣಕ್ಕೆ ಎರಡರ ನಡುವೆ ಭೇದ ತಿಳಿಯದೆ, ಡ ಮತ್ತು ಬ ಒಂದೇ ಆದ ಸ್ಥಿತಿಯೂ ಲೆಕ್ಕದೊಳಗೆ ನುಸುಳಬಹುದು. ಬದಲಿಗೆ ಒ ಇಂದ ಆ ಲಂಬಕ್ಕೆ ಇನ್ನೊಂದು ಲಂಬ ಎಳೆದು, ಅದರ ಪಾದಬಿಂದುವಿನಲ್ಲಿ ಬ ಅನ್ನು ‘ರಿಫ್ಲೆಕ್ಟ್ ಅಬೌಟ್ ಪಾಯಿಂಟ್’ ಮಾಡಿ. ಸಿಗುವ ಡ ಒಂದೇ, ಗೊಂದಲವಿಲ್ಲ.

ಈಗ ಅಕ, ಬಡ ಸೇರುವ ಮ, ಅಡ ಬಾಹುವಿನ ಮಧ್ಯಬಿಂದು ಗ, ಮಗ ಗೆರೆ, ಬಕ ಗೆರೆ. ‘ರಿಲೇಶನ್’ ಉಪಕರಣ ತೆಗೆದುಕೊಂಡು ಕೊನೆಯ ಎರಡು ಗೆರೆಗಳ ಮೇಲೆ ಕ್ಲಿಕ್ ಮಾಡಿ. ಮೊದಲು ಬರುವ ಉತ್ತರ ಸಂಖ್ಯೆಗಳನ್ನು ನೋಡಿ ಹೇಳಿದ್ದು, ಅಲ್ಲಿಗೇ ನಿಲ್ಲಬೇಡಿ. ‘ಮೋರ್’ ಗುಂಡಿ ಒತ್ತಿದಾಗಲೇ ಸಮೀಕರಣಗಳ ಪರೀಕ್ಷೆ ನಡೆಯುವುದು.

ಆದೇಶ ಬರೆದೂ ಕೇಳಬಹುದು: ‘ಪ್ರೂವ್‌ಡೀಟೇಲ್ಸ್’ ಒಳಗೆ ‘ಆರ್‌ಪರ್ಪೆಂಡಿಕ್ಯುಲರ್’. ಉತ್ತರ ಒಂದು ಪಟ್ಟಿಯಾಗಿ ಬರುತ್ತದೆ. ಬರೀ ‘ಟ್ರೂ’ ಇದ್ದರೆ ಷರತ್ತಿಲ್ಲದೆ ನಿಜ. ‘ಟ್ರೂ’ ಜೊತೆಗೆ ಇನ್ನೊಂದು ಪಟ್ಟಿ ಇದ್ದರೆ ಅವು ತಪ್ಪಿಸಬೇಕಾದ ಕ್ಷೀಣ ಸ್ಥಿತಿಗಳು. ಷರತ್ತಿನ ಜಾಗದಲ್ಲಿ ಮೂರು ಚುಕ್ಕಿ ಕಂಡರೆ ಷರತ್ತಿದೆ, ಆದರೆ ಸರಳ ಮಾತಿನಲ್ಲಿ ಹೇಳಲಾಗಲಿಲ್ಲ ಎಂದರ್ಥ. ಖಾಲಿ ಪಟ್ಟಿ ಅಂದರೆ ನಿರ್ಧರಿಸಲಾಗಲಿಲ್ಲ, ಅದನ್ನು ‘ಸುಳ್ಳು’ ಎಂದು ಓದಬೇಡಿ.

ನಿಜವೆಂದು ಗೊತ್ತಿರುವ ಪ್ರಮೇಯಕ್ಕೂ ‘ಸುಳ್ಳು’ ಎಂದು ಬರುತ್ತದೆ. ಯಾಕೆ?

ಮೊದಲು ಚಿತ್ರ ನೋಡಿ. ಬಿಂದುವನ್ನು ಗೆರೆಯ ಹತ್ತಿರ ಎಳೆದು ಬಿಟ್ಟಿದ್ದರೆ ಅದು ಗೆರೆಯ ಮೇಲೆ ಕಂಡರೂ ಯಂತ್ರಕ್ಕೆ ಸ್ವತಂತ್ರ ಬಿಂದುವೇ. ಎಳೆದಾಗ ಗೆರೆಯಿಂದ ಕಳಚಿಕೊಂಡರೆ ದತ್ತಾಂಶವೇ ಸೇರಿಲ್ಲ ಎಂದು ತಿಳಿಯಿರಿ.

ಚಿತ್ರ ಸರಿಯಿದ್ದೂ ಹೀಗಾದರೆ ಕಾರಣ ಬೀಜಗಣಿತದಲ್ಲೇ ಇದೆ. ವು, ಗ್ರೋಬ್ನರ್ ಎರಡೂ ಸಮ್ಮಿಶ್ರ ಸಂಖ್ಯೆಗಳ (−1ರ ವರ್ಗಮೂಲವನ್ನೂ ಒಳಗೊಂಡವು) ಲೋಕದಲ್ಲಿ ಕೆಲಸ ಮಾಡುತ್ತವೆ. ಎರಡು ವರ್ಗಗಳ ಮೊತ್ತ ಸೊನ್ನೆಯಾದರೆ ಎರಡೂ ಸೊನ್ನೆ ಎಂಬ ನಮ್ಮ ತೀರ್ಮಾನ ಅಲ್ಲಿ ನಡೆಯದು. ಹಾಗಾಗಿ ಅವು ‘ನಿಜ’ ಎಂದರೆ, ಕೊಟ್ಟ ಷರತ್ತಿನೊಳಗೆ ನಂಬಬಹುದು. ‘ಸುಳ್ಳು’ ಎಂದರೆ ಕಾಗದದ ಮೇಲಿನ ರೇಖಾಗಣಿತದಲ್ಲೂ ಸುಳ್ಳೆಂದು ಹೇಳಲಾಗದು.

ಮೂರನೆಯದು ಒಳ-ಹೊರಗಿನ ತಕರಾರು. ಎರಡು ಕೋನಾರ್ಧಕಗಳ ಉದ್ದ ಸಮವಾದರೆ ತ್ರಿಭುಜ ಸಮದ್ವಿಬಾಹು ಎಂಬ ಸ್ಟೈನರ್–ಲೆಹ್ಮಸ್ ಪ್ರಮೇಯ ಒಳ ಕೋನಾರ್ಧಕಗಳಿಗೆ ನಿಜ. ಆದರೆ ಒಳ ಕೋನಾರ್ಧಕಕ್ಕೂ ಹೊರ ಕೋನಾರ್ಧಕಕ್ಕೂ ಒಂದೇ ಸಮೀಕರಣ. ಒಂದು ಒಳಗಿನದು, ಇನ್ನೊಂದು ಹೊರಗಿನದು ಸಮವಾಗಿದ್ದೂ ಸಮದ್ವಿಬಾಹುವಲ್ಲದ ತ್ರಿಭುಜಗಳಿವೆ, ಅವು ಲೆಕ್ಕದೊಳಗೆ ಬಂದು ಪ್ರಮೇಯವನ್ನು ಕೆಡಿಸುತ್ತವೆ. ಕೋನಾರ್ಧಕ, ಒಳವೃತ್ತ, ‘ನಡುವೆ ಇರುವ ಬಿಂದು’ ಬಂದಲ್ಲೆಲ್ಲ ಎಚ್ಚರವಾಗಿರಿ. ಸಾಧ್ಯವಾದರೆ ಒಳಕೇಂದ್ರವನ್ನೇ ಸ್ವತಂತ್ರ ಬಿಂದುವಾಗಿಟ್ಟು ಮೂರನೆಯ ಶೃಂಗವನ್ನು ಅದರಿಂದ ರಚಿಸಿ.

ಅಸಮತೆಗಳನ್ನು ಸಾಧಿಸಬಹುದೇ?

ಪರಿವೃತ್ತದ ತ್ರಿಜ್ಯ ಒಳವೃತ್ತದ ತ್ರಿಜ್ಯದ ಎರಡರಷ್ಟಕ್ಕಿಂತ ಕಡಿಮೆಯಾಗದು ಎಂಬಂಥ ಹೇಳಿಕೆಗಳಿಗೆ ಮೇಲಿನ ವಿಧಾನಗಳು ಸಾಲವು. ಸಮ್ಮಿಶ್ರ ಸಂಖ್ಯೆಗಳಲ್ಲಿ ಹೆಚ್ಚು-ಕಡಿಮೆ ಎಂಬುದೇ ಇಲ್ಲ. ಇದಕ್ಕೆ ಬೇಕಾದ ನಿರ್ಧಾರ ವಿಧಾನವನ್ನು ಆಲ್ಫ್ರೆಡ್ ಟಾರ್ಸ್ಕಿ 1948ರಲ್ಲಿ ಪ್ರಕಟಿಸಿದರು. ತಾತ್ವಿಕವಾಗಿ ಅದು ಪೂರ್ಣ, ಆದರೆ ಬಳಕೆಗೆ ಬರದಷ್ಟು ನಿಧಾನ. 1975ರಲ್ಲಿ ಜಾರ್ಜ್ ಕಾಲಿನ್ಸ್ ಕೊಟ್ಟ ವಿಧಾನ ಬಳಕೆಗೆ ಬರುತ್ತದೆ. ಅದರಲ್ಲೂ ಚರಾಕ್ಷರಗಳು ಹೆಚ್ಚಿದಂತೆ ಕೆಲಸ ಭಯಂಕರವಾಗಿ ಏರುತ್ತದೆ. ಐದಾರು ಚರಾಕ್ಷರ ದಾಟಿದರೆ ಸಮಸ್ಯೆಯನ್ನು ಕೈಯಾರೆ ಇಳಿಸಿಕೊಂಡೇ ಯಂತ್ರಕ್ಕೆ ಕೊಡಬೇಕು.

ಆಲ್ಫಾಜಿಯೋಮೆಟ್ರಿ ಮಾಡಿದ ಹೊಸತೇನು?

ರಚನೆಯ ಕೆಲಸವನ್ನು ಭಾಷಾ ಮಾದರಿಗೆ (ಚಾಟ್‌ಬಾಟ್‌ಗಳ ಹಿಂದಿರುವಂಥ ಪ್ರೋಗ್ರಾಂಗೆ) ವಹಿಸಿದ್ದು. 2024ರ ಜನವರಿಯಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ಈ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ನಿಯಮಗಳ ಯಂತ್ರ ದತ್ತಾಂಶಗಳಿಂದ ಹೊರಡುವ ಎಲ್ಲ ತೀರ್ಮಾನಗಳನ್ನೂ ತೆಗೆಯುತ್ತದೆ. ಸಾಧನೀಯ ಸಿಗದಿದ್ದರೆ ಭಾಷಾ ಮಾದರಿ ಒಂದು ಹೊಸ ಬಿಂದುವನ್ನು ಸೂಚಿಸುತ್ತದೆ, ನಿಯಮಗಳ ಯಂತ್ರ ಮತ್ತೆ ಓಡುತ್ತದೆ. ಮಾದರಿ ತಪ್ಪು ಸೂಚಿಸಿದರೆ ಸಮಯ ಹಾಳು, ಸಾಧನೆ ಕೆಡುವುದಿಲ್ಲ. ತೀರ್ಮಾನದ ಹಕ್ಕು ಅದಕ್ಕಿಲ್ಲ.

ಮನುಷ್ಯರು ಬರೆದ ಸಾಧನೆಗಳು ತರಬೇತಿಗೆ ಸಾಲದ್ದರಿಂದ ಅವರು ಯಾದೃಚ್ಛಿಕ ಚಿತ್ರಗಳಿಂದ ಸುಮಾರು 10 ಕೋಟಿ ಸಾಧನೆಗಳನ್ನು ತಯಾರಿಸಿದರು. ಹೊಸ ರಚನೆ ಬೇಕಾದವು ಅವುಗಳಲ್ಲಿ ಸುಮಾರು 90 ಲಕ್ಷ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 2000ರಿಂದ 2022ರವರೆಗಿನ 30 ಪ್ರಶ್ನೆಗಳಲ್ಲಿ ಅದು 25 ಬಿಡಿಸಿತು. ರಚನೆಯ ಸಹಾಯವಿಲ್ಲದೆ ಕೋನ-ಅನುಪಾತಗಳ ಲೆಕ್ಕ ಸೇರಿಸಿದ ನಿಯಮಗಳ ಯಂತ್ರವೊಂದೇ 14 ಬಿಡಿಸಿತ್ತು. 2004ರ ಒಂದು ಪ್ರಶ್ನೆಯ ಸಾಧನೆಯಲ್ಲಿ ‘ಒ ಮಧ್ಯಬಿಂದು’ ಎಂಬ ದತ್ತಾಂಶ ಬಳಕೆಯೇ ಆಗಿರಲಿಲ್ಲ. ಅಂದರೆ ಆ ಷರತ್ತಿಲ್ಲದೆಯೂ ಪ್ರಮೇಯ ನಿಜ.

ಡೀಪ್‌ಮೈಂಡ್‌ನ ಪ್ರಬಂಧದಲ್ಲಿ ವು ವಿಧಾನಕ್ಕೆ ಸಿಕ್ಕಿದ್ದು 10 ಪ್ರಶ್ನೆ. ಅದೇ ವರ್ಷ ಹೈದರಾಬಾದ್‌ನ ಐಐಐಟಿಯವರೂ ಸೇರಿದ್ದ ತಂಡವೊಂದು ಮತ್ತೆ ಪರೀಕ್ಷಿಸಿದಾಗ ವು ವಿಧಾನವೊಂದೇ 15 ಬಿಡಿಸಿತು. ನಿಯಮಗಳ ಯಂತ್ರ ಜೊತೆಯಾದಾಗ 21, ಅದೂ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ, ಪ್ರಶ್ನೆಗೆ 5 ನಿಮಿಷದ ಮಿತಿಯೊಳಗೆ. ಆಲ್ಫಾಜಿಯೋಮೆಟ್ರಿಗೆ ಇದನ್ನು ಸೇರಿಸಿದರೆ 27. ಹಳೆಯ ವಿಧಾನಗಳನ್ನು ಬದಿಗಿಡಬಾರದು ಎನ್ನಲು ಈ ಅಂಕಿಗಳೇ ಸಾಕು.

ಚಾಟ್‌ಬಾಟ್ ಬರೆದುಕೊಟ್ಟ ಸಾಧನೆಯನ್ನು ನಂಬಬಹುದೇ?

ಪರಿಶೀಲಿಸದೆ ಬೇಡ. ಅದು ಸಾಮಾನ್ಯವಾಗಿ ಎಡವುವುದು ‘ಚಿತ್ರದಿಂದ ಸ್ಪಷ್ಟ’ ಎನ್ನುವಂಥ ಸಾಲಿನಲ್ಲಿ: ಬಿಂದು ತ್ರಿಭುಜದ ಒಳಗಿದೆ ಎಂದು ಹೇಳದೆ ಒಪ್ಪಿಕೊಂಡಿರುತ್ತದೆ. ಪ್ರತಿ ಹೆಜ್ಜೆಯನ್ನೂ ಬೇರೆ ಬೇರೆಯಾಗಿ ಜಿಯೋಜೀಬ್ರಾಕ್ಕೆ ಕೇಳಿ.

ಲೀನ್, ಕಾಕ್ ಇವು ಯಾವುದಕ್ಕೆ?

ಅವು ಸಾಧನೆ ಪರಿಶೀಲಕಗಳು. ಸಾಧನೆ ಹುಡುಕುವುದಕ್ಕಿಂತ, ಬರೆದ ಪ್ರತಿ ಹೆಜ್ಜೆಯನ್ನೂ ಮೂಲ ನಿಯಮಗಳವರೆಗೆ ಒಯ್ದು ತಪಾಸಣೆ ಮಾಡುವುದು ಅವುಗಳ ಕೆಲಸ. ಕಾಕ್‌ನಲ್ಲಿ (2025ರಿಂದ ಅದರ ಹೆಸರು ರಾಕ್) ಟಾರ್ಸ್ಕಿಯ ಸ್ವಯಂಸಿದ್ಧಗಳಿಂದ ರೇಖಾಗಣಿತ ಕಟ್ಟಿರುವ ಜಿಯೋಕಾಕ್ ಎಂಬ ಭಂಡಾರವಿದೆ. ಸಮಾಂತರ ಚತುರ್ಭುಜಕ್ಕೆ ಮೇಲೆ ಸಿಕ್ಕ ಸಾಲಿನಂಥದ್ದು ಕೈಯಲ್ಲಿದ್ದರೆ ಲೀನ್‌ನ ‘ಲಿನಿಯರ್ ಕಾಂಬಿನೇಶನ್’ ತಂತ್ರಕ್ಕೆ ಆ ಗುಣಕಗಳನ್ನು ಕೊಟ್ಟರೆ ಸಾಕು, ಉಳಿದ ಗುಣಾಕಾರವನ್ನು ಅದೇ ಮಾಡಿ ಒಪ್ಪುತ್ತದೆ. ಪ·ನ ಸೊನ್ನೆಯಲ್ಲ ಎಂಬುದನ್ನು ಮಾತ್ರ ನೀವು ಪ್ರತ್ಯೇಕ ದತ್ತಾಂಶವಾಗಿ ಬರೆಯಬೇಕು. ಮರೆತರೆ ಅದನ್ನು ಭಾಗಿಸಿ ತೆಗೆಯಲು ಲೀನ್ ಬಿಡುವುದಿಲ್ಲ.

ಇದಕ್ಕೆಲ್ಲ ಎಂಥ ಕಂಪ್ಯೂಟರ್ ಬೇಕು?

ಶಾಲೆ-ಕಾಲೇಜು ಮಟ್ಟದ ಪ್ರಮೇಯಗಳಿಗೆ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಸಾಕು, ಗ್ರಾಫಿಕ್ಸ್ ಕಾರ್ಡ್ ಬೇಡ. ಜಿಯೋಜೀಬ್ರಾ ಬ್ರೌಸರ್‌ನಲ್ಲೇ ನಡೆಯುತ್ತದೆ. ಪ್ರೂವ್ ಆದೇಶಗಳಿಗೆ ಕ್ಲಾಸಿಕ್ ಆವೃತ್ತಿ ತೆರೆಯಿರಿ. ಸಮೀಕರಣಗಳನ್ನು ನೀವೇ ಬರೆದು ಗ್ರೋಬ್ನರ್ ಲೆಕ್ಕ ಮಾಡಿಸಲು ಪೈಥಾನ್ ಭಾಷೆಯ ಸಿಂಪೈ ಎಂಬ ಭಂಡಾರ ಆರಂಭಕ್ಕೆ ಸರಿ. ಏಳೆಂಟು ಚರಾಕ್ಷರ ದಾಟಿದರೆ ಅದು ಬಹಳ ನಿಧಾನ, ಆಗ ಬಹುಪದೋಕ್ತಿ ಲೆಕ್ಕಕ್ಕೆಂದೇ ಇರುವ ಸಿಂಗ್ಯುಲರ್ ತಂತ್ರಾಂಶಕ್ಕೆ ಬದಲಾಯಿಸಿ. ಎರಡೂ ಉಚಿತ.